ಎರಡೂ ಪಕ್ಷಗಳ ಜಿಲ್ಲಾ ಅಧ್ಯಕ್ಷರಿಗೆ, ಗಂಜಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಂಗ್ರೆಸ್ ಮತ್ತು ಬಿಜೆಪಿ ಅಧ್ಯಕ್ಷರಿಗೆಲ್ಲ ಸೇರಿಸಿ ಈ ಒಂದೇ ಪತ್ರ ಬರೆಯುತ್ತಿದ್ದೇನೆ. ಜೆಡಿಎಸ್‌ನವರು ಮುನಿಸಿಕೊಳ್ಳಬೇಡಿ, 2023ರಲ್ಲಿ ಗುರುಮಠಕಲ್ ಗೆದ್ದವರು ನೀವು, ನಿಮಗೂ ಇದು ಸೇರಿದ್ದೇ. ಬೇರೆ ಬೇರೆ ಬರೆದರೆ "ನೋಡ್ರಿ, ಅವರಿಗೆ ಹೆಂಗ ಬೈದಾನ" ಅಂತ ನಿಮ್ಮ ನಿಮ್ಮ ಗ್ರೂಪಿಗೆ ಹಾಕಿಕೊಳ್ಳುತ್ತೀರಿ. ಅದಕ್ಕೇ ಒಂದೇ ಪತ್ರ.

ಸಂಸದರಿಗೇ ಬರೆಯಬಹುದಿತ್ತು. ಆದರೆ ಬೂತ್ ಕಮಿಟಿ, ವಾಟ್ಸ್‌ಆ್ಯಪ್ ಗ್ರೂಪ್, ಬೈಕ್ ರ‍್ಯಾಲಿಯ ಹುಡುಗರು, ಇದೆಲ್ಲ ಇರುವುದು ನಿಮ್ಮ ಕೈಯಲ್ಲಿ. ಹಳ್ಳಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದು ಸಂಸದರಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿರುತ್ತದೆ.

ನಾನು ಕಲಬುರಗಿಯ ನೆಹರು ಗಂಜಿನಲ್ಲಿ, ಅಂದರೆ ಇಲ್ಲಿನ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ಅಡತಿ (ಕಮಿಷನ್ ವ್ಯಾಪಾರದ) ಅಂಗಡಿಯ ಗುಮಾಸ್ತ. ತೊಗರಿ, ಕಡಲೆ, ಹೆಸರು ತರುವ ರೈತರಿಗೆ ಮಾರಾಟದ ಲೆಕ್ಕದ ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ, ಶಹಾಪುರ, ಎಲ್ಲ ಕಡೆಯವರು ಬಂದು ಕೂರುತ್ತಾರೆ. ತೂಕ ಆಗುವ ತನಕ ಬೇರೆ ಕೆಲಸ ಇರುವುದಿಲ್ಲ, ರಾಜಕೀಯ ಶುರುವಾಗುತ್ತದೆ. ಹಾಗಾಗಿ ಜಿಲ್ಲೆಯ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ, ಕೇಳಬೇಕು ಅಂತಿಲ್ಲದಿದ್ದರೂ.

ಹೇಳಬೇಕಾದ್ದು ಇಷ್ಟೇ. ಲೋಕಸಭೆ ಚುನಾವಣೆಯಲ್ಲಿ ನಮ್ಮ ಕಡೆ ಬಹಳ ಜನರ ಓಟು ಅಭ್ಯರ್ಥಿಯ ಹೆಸರು ಹೊರಬೀಳುವ ಮೊದಲೇ ಫಿಕ್ಸ್ ಆಗಿರುತ್ತದೆ. ಖಾತ್ರಿಯಾದ ಓಟಿಗೆ ಯಾರೂ ಲೆಕ್ಕ ಕೊಡುವುದಿಲ್ಲ. ನೀವೂ ಕೊಡುತ್ತಿಲ್ಲ.

"ಖಾತ್ರಿ ಎಲ್ಲಿದೆ, ಸೀಟು ಅತ್ತಿಂದಿತ್ತ ಆಗುತ್ತಲೇ ಇದೆಯಲ್ಲ" ಅಂತ ನೀವು ಕೇಳಬಹುದು. ಸರಿಯೇ. 2019ರಲ್ಲಿ ಕಲಬುರಗಿಯಲ್ಲಿ ಕಾಂಗ್ರೆಸ್‌ನ ಮಲ್ಲಿಕಾರ್ಜುನ ಖರ್ಗೆ ಅವರು ಬಿಜೆಪಿಯ ಉಮೇಶ ಜಾಧವ ಅವರ ಎದುರು 95,452 ಮತಗಳಿಂದ ಸೋತರು. ಅಲ್ಲಿಯ ತನಕ ಅವರು ಸೋಲಿಲ್ಲದ ಸರದಾರ. 2024ರಲ್ಲಿ ಅದೇ ಜಾಧವ ಅವರ ಎದುರು ಕಾಂಗ್ರೆಸ್‌ನ ರಾಧಾಕೃಷ್ಣ ದೊಡ್ಡಮನಿ ಅವರು 27,205 ಮತಗಳಿಂದ ಗೆದ್ದರು. ಬೀದರ್‌ನಲ್ಲಿ ಇನ್ನೂ ಜೋರು. 2019ರಲ್ಲಿ ಬಿಜೆಪಿಯ ಭಗವಂತ ಖೂಬಾ ಅವರು ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು, 2024ರಲ್ಲಿ ಲಕ್ಷಕ್ಕೂ ಜಾಸ್ತಿ ಮತಗಳಿಂದಲೇ ಕಾಂಗ್ರೆಸ್‌ನ ಸಾಗರ್ ಖಂಡ್ರೆ ಅವರ ಎದುರು ಸೋತರು. ಸೀಟು ಬದಲಾಯಿತು, ಒಪ್ಪಿದೆ. ಆದರೆ ಅದು ಬದಲಾದದ್ದು ನಡುವೆ ಇರುವ ಸ್ವಲ್ಪ ಜನರಿಂದ. ಆ ಸ್ವಲ್ಪ ಜನರ ಹತ್ತಿರ ಹೋಗಿ "ನಾವು ಇಂಥಿಂಥದ್ದು ಮಾಡಿದ್ದೇವೆ, ಇಂಥದ್ದು ಆಗಿಲ್ಲ" ಅಂತ ಕೂತು ಮಾತಾಡುವುದು ಕಷ್ಟದ ಕೆಲಸ. ನಮ್ಮವರನ್ನೇ ಸಿಟ್ಟಿಗೆಬ್ಬಿಸಿ ಬೂತಿಗೆ ಎಳೆದು ತರುವುದು ಸುಲಭ. ನೀವು ಎರಡೂ ಕಡೆಯವರು ಸುಲಭದ್ದನ್ನೇ ಹಿಡಿದಿದ್ದೀರಿ.

2024ರ ಪ್ರಚಾರ ನೆನಪು ಮಾಡಿಕೊಳ್ಳಿ. ಮಾರ್ಚ್ 16ರಂದು ಪ್ರಧಾನಿ ಮೋದಿ ಕಲಬುರಗಿಗೆ ಬಂದರು. ಚುನಾವಣೆ ಘೋಷಣೆಯಾದದ್ದೂ ಅವತ್ತೇ. ಅಲ್ಲಿಂದ ಶುರು, ಮೋದಿಗಾಗಿ ಓಟು ಕೊಡಿ ಅನ್ನುವ ಮಾತು. ಏಪ್ರಿಲ್‌ನಲ್ಲಿ ಅಫಜಲಪುರದಲ್ಲಿ ಖರ್ಗೆ ಅವರು, ಓಟು ಹಾಕದಿದ್ದರೂ ಪರವಾಗಿಲ್ಲ, ನಾನು ಸತ್ತಾಗ ಮಣ್ಣಿಗಾದರೂ ಬನ್ನಿ ಅನ್ನುವ ಅರ್ಥದಲ್ಲಿ ಮಾತಾಡಿದರು. ಕೇಳಿದವರ ಕಣ್ಣು ತುಂಬಿತು, ಸುಳ್ಳಲ್ಲ. ಒಂದು ಕಡೆ ದಿಲ್ಲಿಯ ಕುರ್ಚಿ, ಇನ್ನೊಂದು ಕಡೆ ಊರಿನ ಹಿರಿಯರ ಮಾನ. ಪಾಪ, ನಿಜವಾಗಿ ಸ್ಪರ್ಧೆಯಲ್ಲಿದ್ದ ಇಬ್ಬರು ಅಭ್ಯರ್ಥಿಗಳು ಐದು ವರ್ಷದಲ್ಲಿ ಏನು ಮಾಡುತ್ತಾರೆ ಅಂತ ಕೇಳಲು ಜಾಗವೇ ಉಳಿಯಲಿಲ್ಲ. ನಮ್ಮ ಅಂಗಡಿಯಲ್ಲಿ ಒಬ್ಬ ಹಿರಿಯರು ಅಭ್ಯರ್ಥಿಯ ಹೆಸರು ನೆನಪಾಗದೆ ಚಿಹ್ನೆ ತೋರಿಸಿ ಮಾತು ಮುಗಿಸಿದರು. ಅದು ಯಾವ ಪಕ್ಷದ ಚಿಹ್ನೆ ಅಂತ ಹೇಳುವುದಿಲ್ಲ, ಹೇಳಿದರೆ ನೀವು ಜಗಳಕ್ಕೆ ಬರುತ್ತೀರಿ.

ಅದೇ ಹೊತ್ತಿಗೆ ಚೊಂಬಿನ ಗಲಾಟೆ. 2023ರಲ್ಲಿ ರಾಜ್ಯದಲ್ಲಿ ದೊಡ್ಡ ಬರ. ರಾಜ್ಯ ಸರ್ಕಾರ ಕೇಳಿದ್ದು 18,171 ಕೋಟಿ ರೂಪಾಯಿ ಪರಿಹಾರ. ಬರಲಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ ಕೊನೆಗೆ ಕೇಂದ್ರ ಕೊಟ್ಟಿದ್ದು ಸುಮಾರು 3,454 ಕೋಟಿ. ಒಬ್ಬರು ಕೇಂದ್ರ ಕೊಟ್ಟದ್ದು ಖಾಲಿ ಚೊಂಬು ಅಂದರು, ಇನ್ನೊಬ್ಬರು ಅದೇ ಅಕ್ಷಯ ಪಾತ್ರೆ ಅಂದರು. ಬರ ಪರಿಹಾರಕ್ಕೆ ನಿಯಮ ಏನು, ಯಾವ ಲೆಕ್ಕದಲ್ಲಿ ಕಡಿತ ಆಯಿತು, ನಮ್ಮ ತಾಲೂಕಿನ ಒಣ ಬೇಸಾಯಗಾರನಿಗೆ ಎಕರೆಗೆ ಎಷ್ಟು ಅಂತ ಬಿಡಿಸಿ ಹೇಳಿದ ಒಂದೇ ಒಂದು ಕರಪತ್ರ ನಮ್ಮ ಅಂಗಡಿಗೆ ಬರಲಿಲ್ಲ. ಚೊಂಬಿನ ಚಿತ್ರ ಮಾತ್ರ ಎಲ್ಲರ ಮೊಬೈಲಿನಲ್ಲಿತ್ತು.

ಈಗ ತೊಗರಿಗೆ ಬರುತ್ತೇನೆ. ನನಗೆ ಗೊತ್ತಿರುವ ವಿಷಯ ಅದು.

2024ರಲ್ಲಿ ಗಂಜಿನಲ್ಲಿ ತೊಗರಿ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತ್ತು. ಬರದಿಂದ ಬೆಳೆಯೇ ಕಡಿಮೆ, ಹಾಗಾಗಿ ರೇಟು ಇತ್ತು, ಮಾಲು ಇರಲಿಲ್ಲ. 2025ರ ಸುಗ್ಗಿಗೆ ಮಾಲು ಬಂತು, ರೇಟು ಬಿತ್ತು. ಆ ವರ್ಷದ ಬೆಂಬಲ ಬೆಲೆ 7,550 ರೂಪಾಯಿ. ಪೇಟೆ ಅದಕ್ಕಿಂತ ಕೆಳಗೆ ಇಳಿಯಿತು. ಜನವರಿಯ ಒಂದು ಮಧ್ಯಾಹ್ನ, ಜೇವರ್ಗಿ ಕಡೆಯ ಒಂದೇ ಊರಿನ ಇಬ್ಬರು ಒಂದೇ ಟೆಂಪೋದಲ್ಲಿ ಚೀಲ ಹಾಕಿಕೊಂಡು ಬಂದರು. ಬಾಡಿಗೆ ಹಂಚಿಕೊಂಡಿದ್ದರು. ಹಮಾಲರು ಚೀಲ ಇಳಿಸಿದರು, ಒಬ್ಬ ಬಂಬು ಚುಚ್ಚಿ ಮಾದರಿ ತೆಗೆದ, ಅಂಗೈ ಮೇಲೆ ಕಾಳು ಹರಡಿ ಊದಿ ನೋಡಿದರು. ಹರಾಜಿನ ಸವಾಲು ಕೂಗಿ ಮುಗಿಯಿತು. ಇಬ್ಬರಿಗೂ ಒಂದೇ ರೇಟು.

ರೇಟು ಕೇಳಿದ ಮೇಲೆ ಶುರುವಾಯಿತು ನೋಡಿ.

"ನಿಮ್ಮ ದಿಲ್ಲಿಯವರು ಹೊರಗಿನ ತೊಗರಿ ತರಸ್ಯಾರ, ಅದಕ್ಕೇ ಹಿಂಗಾಗ್ಯಾದ" ಅಂದ ಒಬ್ಬ.

"ನಿಮ್ಮ ಬೆಂಗಳೂರಿನವರು ಖರೀದಿ ಕೇಂದ್ರ ಟೈಮಿಗೆ ತೆರದಿದ್ರ ನಾವು ಇಲ್ಲಿಗಿ ಯಾಕ ಬರ್ತಿದ್ವಿ" ಅಂದ ಇನ್ನೊಬ್ಬ.

ಅರ್ಧ ತಾಸು ನಡೆಯಿತು. ಹೊರಡುವಾಗ ಒಬ್ಬ ಟೆಂಪೋ ಹತ್ತಲಿಲ್ಲ, ಬಸ್ಸಿಗೆ ಹೋಗುತ್ತೇನೆ ಅಂತ ಪಟ್ಟಿ ಜೇಬಿಗೆ ಹಾಕಿಕೊಂಡು ನಡೆದ. ನನಗೆ ಬೇಜಾರಾದದ್ದು ಅವರು ಜಗಳ ಮಾಡಿದ್ದಕ್ಕಲ್ಲ. ಇಬ್ಬರು ಹೇಳಿದ್ದರಲ್ಲೂ ಹುರುಳಿತ್ತು. ಎರಡನ್ನೂ ಕೂಡಿಸಿದರೆ ಪೂರ್ತಿ ಲೆಕ್ಕ ಆಗುತ್ತಿತ್ತು.

ಯಾಕೆ ಅಂದರೆ, ಬೆಂಬಲ ಬೆಲೆ ನಿಗದಿ ಮಾಡುವುದು ಕೇಂದ್ರ. ಆಮದು ನೀತಿ ಕೇಂದ್ರದ್ದು. 2021ರಿಂದ ತೊಗರಿಯನ್ನು ಮಿತಿಯಿಲ್ಲದೆ ತರಲು ಬಿಟ್ಟರು, 2023ರಲ್ಲಿ ಆಮದು ಸುಂಕವನ್ನೂ ತೆಗೆದರು, ಅವಧಿ ಮುಗಿದಾಗಲೆಲ್ಲ ಮುಂದುವರಿಸುತ್ತ ಬಂದರು. ಮ್ಯಾನ್ಮಾರ್, ಮೊಜಾಂಬಿಕ್ ಕಡೆಯ ಮಾಲು ಮುಂಬೈ, ಚೆನ್ನೈ ಬಂದರಿಗೆ ಇಳಿದರೆ ಇಲ್ಲಿ ಸವಾಲು ಕೂಗುವವನ ದನಿ ಇಳಿಯುತ್ತದೆ. ಖರೀದಿಗೆ ದುಡ್ಡು ಹಾಕುವುದು ನಾಫೆಡ್‌ನಂಥ ಕೇಂದ್ರದ ಸಂಸ್ಥೆಗಳು. ಆದರೆ ಹಳ್ಳಿಯಲ್ಲಿ ಖರೀದಿ ಕೇಂದ್ರ ತೆರೆಯುವುದು, ನೋಂದಣಿ, ಗೋಣಿಚೀಲ, ಗೋದಾಮು, ಇದೆಲ್ಲ ರಾಜ್ಯದ ಕೆಲಸ. ತಡವಾದರೆ ಸಾಲ ಇರುವ ರೈತ ಕಾಯುವುದಿಲ್ಲ, ಗಂಜಿಗೆ ಬಂದು ಬಿದ್ದ ರೇಟಿಗೆ ಮಾರುತ್ತಾನೆ. ಆ ವರ್ಷ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಎಂಟು ಸಾವಿರ ಮಾಡಿತು, ಒಳ್ಳೆಯದೇ. ಅದು ಸಿಕ್ಕಿದ್ದು ಖರೀದಿ ಕೇಂದ್ರದಲ್ಲಿ ಮಾರಿದವರಿಗೆ. ಮುಂದಿನ ವರ್ಷಕ್ಕೆ ಬೆಂಬಲ ಬೆಲೆಯೇ 8,000 ಆಯಿತು.

ಅಂದರೆ ತೊಗರಿ ರೇಟು ಬೀಳಲು ಎರಡು ಕೈ ಬೇಕು, ಏಳಿಸಲೂ ಎರಡು ಕೈ ಬೇಕು. ನಿಮ್ಮ ಐಟಿ ಸೆಲ್‌ನವರು ಒಂದು ಕೈಯ ಫೋಟೋ ಮಾತ್ರ ಕಳಿಸುತ್ತಾರೆ. ರೈತ ತನ್ನ ಪಕ್ಷ ಕಳಿಸಿದ ಫೋಟೋ ನಂಬುತ್ತಾನೆ. ಎದುರಿನದನ್ನು ತೆರೆದೂ ನೋಡುವುದಿಲ್ಲ. ಹೀಗಾದ ಮೇಲೆ ಆಮದು ಸುಂಕದ ಬಗ್ಗೆ ಬಿಜೆಪಿಯವರಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ, ಅವರ ಓಟುದಾರ ಕೇಳುವುದಿಲ್ಲ. ಖರೀದಿ ಕೇಂದ್ರದ ಬಗ್ಗೆ ಕಾಂಗ್ರೆಸ್‌ನವರಿಗೂ ಇಲ್ಲ, ಅವರ ಓಟುದಾರನೂ ಕೇಳುವುದಿಲ್ಲ. ನೀವಿಬ್ಬರೂ ಆರಾಮ.

ಇನ್ನೊಂದು ವಿಷಯ ನೀವೇ ಹೇಳಬೇಕು. ಹಳ್ಳಿಯ ಕಾರ್ಯಕರ್ತರಿಗೆ ಕಲಿಸುವ ಈ ದ್ವೇಷ ಮೇಲಿನವರಿಗೆ ಯಾಕೆ ಇಲ್ಲ? ಉಮೇಶ ಜಾಧವ ಅವರು ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದವರು, 2019ರಲ್ಲಿ ಬಿಜೆಪಿಯಿಂದ ನಿಂತು ಖರ್ಗೆ ಅವರನ್ನೇ ಸೋಲಿಸಿದರು. ಬಾಬುರಾವ್ ಚಿಂಚನಸೂರ ಅವರು ಕಾಂಗ್ರೆಸ್‌ನಿಂದ ಬಿಜೆಪಿಗೆ ಹೋಗಿ 2023ರಲ್ಲಿ ಮರಳಿ ಕಾಂಗ್ರೆಸ್‌ಗೆ ಬಂದರು. ಮಾಲೀಕಯ್ಯ ಗುತ್ತೇದಾರ ಅವರದ್ದೂ ಅದೇ ದಾರಿ, ವರ್ಷ ಮಾತ್ರ ಬೇರೆ. ತಪ್ಪು ಅಂತ ಹೇಳುತ್ತಿಲ್ಲ. ಕಾನೂನಿನ ಒಳಗೆ ಯಾರು ಎಲ್ಲಿಗೆ ಬೇಕಾದರೂ ಹೋಗಲಿ. ಆದರೆ ಅವರಿಗಾಗಿ ಅಣ್ಣನ ಮಗನ ಮದುವೆಗೆ ಹೋಗದ ಕಾರ್ಯಕರ್ತ ನಮ್ಮ ಅಂಗಡಿಗೆ ಬರುತ್ತಾನೆ. ನಾಯಕರು ಮರಳಿ ಬಂದು ಹಾರ ಹಾಕಿಸಿಕೊಂಡರು. ಇವನ ಮನೆಯ ಮಾತು ಇನ್ನೂ ಕೂಡಿಲ್ಲ.

2022ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಸಿರಿಧಾನ್ಯದ ಊಟ ಇಟ್ಟಿದ್ದರು. ಮೋದಿ ಅವರೂ ಖರ್ಗೆ ಅವರೂ ಒಂದೇ ಟೇಬಲ್ಲಿನಲ್ಲಿ ಕೂತು ಉಂಡರು. ಫೋಟೋ ಎಲ್ಲ ಕಡೆ ಬಂತು. ಜೋಳದ ರೊಟ್ಟಿ ಮಾಡಲು ನಮ್ಮ ರಾಜ್ಯದಿಂದ ಅಡುಗೆಯವರು ಹೋಗಿದ್ದರಂತೆ. ನೋಡಿ ನನಗೆ ಖುಷಿಯಾಯಿತು. ಆ ಫೋಟೋ ನಿಮ್ಮ ಗ್ರೂಪುಗಳಲ್ಲಿ ಯಾರೂ ಹಾಕಲಿಲ್ಲ, ಯಾಕೆ ಅಂತ ನಿಮಗೇ ಗೊತ್ತು.

ಒಟ್ಟಿಗೆ ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಹೊರಗಿನ ಉದಾಹರಣೆ ಬೇಡ, ನಮ್ಮ ಸೀಮೆಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಇದೆಯಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದರು. 2010ರ ಮಾರ್ಚ್‌ನಲ್ಲಿ ರಾಜ್ಯದ ಎರಡೂ ಸದನಗಳು ವಿಶೇಷ ಸ್ಥಾನ ಬೇಕು ಅಂತ ನಿರ್ಣಯ ಮಾಡಿದವು. ಆಗ ಬೆಂಗಳೂರಿನಲ್ಲಿ ಇದ್ದದ್ದು ಬಿಜೆಪಿ ಸರ್ಕಾರ, ದಿಲ್ಲಿಯಲ್ಲಿ ಕಾಂಗ್ರೆಸ್ ನೇತೃತ್ವದ್ದು. 2012ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದಿತು. ಖರ್ಗೆ, ಧರ್ಮಸಿಂಗ್ ಅವರ ಓಡಾಟವನ್ನು ಯಾರೂ ಅಲ್ಲಗಳೆಯಲಾರರು. ಬೆಂಗಳೂರಿನ ನಿರ್ಣಯ ಇಲ್ಲದೆ ದಿಲ್ಲಿಯಲ್ಲಿ ಕೇಳಲು ಕಾಗದವೇ ಇರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಇವತ್ತು ನಮ್ಮ ಹುಡುಗರು ಮೆಡಿಕಲ್, ಇಂಜಿನಿಯರಿಂಗ್ ಸೀಟು ಹಿಡಿಯುತ್ತಿದ್ದರೆ, ಕೆಲಸಕ್ಕೆ ಸೇರುತ್ತಿದ್ದರೆ ಅದರಲ್ಲಿ ಎರಡೂ ಪಕ್ಷದ ಪಾಲಿದೆ. ಆದರೆ ನಿಮ್ಮ ಬ್ಯಾನರ್‌ಗಳಲ್ಲಿ ಒಬ್ಬರು "ನಾವು ಕೊಟ್ಟೆವು" ಅನ್ನುತ್ತೀರಿ, ಇನ್ನೊಬ್ಬರು "ಅದರಿಂದ ಏನೂ ಆಗಿಲ್ಲ" ಅನ್ನುತ್ತೀರಿ.

ಆಗಿನಂತೆ ಈಗ ಯಾಕೆ ಆಗುತ್ತಿಲ್ಲ ಅಂತ ನೋಡಬೇಕಾದರೆ ರೈಲ್ವೆ ವಿಭಾಗ ನೋಡಿ. ಕಲಬುರಗಿ ಸ್ಟೇಷನ್ ಸೊಲ್ಲಾಪುರ ವಿಭಾಗಕ್ಕೆ ಸೇರಿದ್ದು, ಬೀದರ್ ಸಿಕಂದರಾಬಾದ್ ವಿಭಾಗಕ್ಕೆ. ಖರ್ಗೆ ಅವರು ರೈಲ್ವೆ ಮಂತ್ರಿಯಾಗಿದ್ದಾಗ ಕಲಬುರಗಿಗೇ ಒಂದು ವಿಭಾಗ ಅಂತ ಘೋಷಣೆಯಾಯಿತು. 2014ರಲ್ಲಿ ಸರ್ಕಾರ ಬದಲಾಯಿತು, ಕೆಲಸ ಅಲ್ಲೇ ನಿಂತಿತು. ಆಮೇಲೆ ಒಂದು ಕಾಲ ಬಂತು: 2021ರಿಂದ 2024ರ ತನಕ ಬೀದರ್‌ನ ಖೂಬಾ ಅವರು ಕೇಂದ್ರದಲ್ಲಿ ಮಂತ್ರಿ, ನಮ್ಮ ಖರ್ಗೆ ಅವರು ರಾಜ್ಯಸಭೆಯ ವಿರೋಧ ಪಕ್ಷದ ನಾಯಕ. ಆಡಳಿತದಲ್ಲೂ ನಮ್ಮವರು, ಎದುರಿನಲ್ಲೂ ನಮ್ಮವರು. ನಮ್ಮ ಸೀಮೆಗೆ ಇಂಥ ಯೋಗ ಎಷ್ಟು ಸಲ ಬರುತ್ತದೆ ಹೇಳಿ? ಇಬ್ಬರೂ ಒಂದೇ ಮನವಿಗೆ ಸಹಿ ಹಾಕಿದ್ದನ್ನು ನಾನಂತೂ ನೋಡಲಿಲ್ಲ. ಹಾಕಿದ್ದರೆ ನಿಮ್ಮಲ್ಲಿ ಯಾರಾದರೂ ತೋರಿಸಿ, ಅಂಗಡಿಯ ಗೋಡೆಗೆ ಅಂಟಿಸುತ್ತೇನೆ.

ಶಾಲೆಗಳ ವಿಷಯ ಜಾಸ್ತಿ ಹೇಳುವುದಿಲ್ಲ, ಹೇಳಿದರೆ ಸಂಕಟ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯದಲ್ಲೇ ಕೊನೆ ಯಾದಗಿರಿ, 50.59 ಪರ್ಸೆಂಟ್. 2025ರಲ್ಲಿ ಕೊನೆ ಕಲಬುರಗಿ, 42.43 ಪರ್ಸೆಂಟ್. ಎರಡೂ ವರ್ಷ ನಿಮ್ಮ ಪತ್ರಿಕಾ ಹೇಳಿಕೆ ಬಂತು. ಹಿಂದಿನ ಸರ್ಕಾರ ಕಾರಣ ಅಂತ ಒಂದು, ಈಗಿನ ಸರ್ಕಾರ ಕಾರಣ ಅಂತ ಇನ್ನೊಂದು.

ಆಳಂದದ ಮಾತು ಮಾತ್ರ ಉದ್ದಕ್ಕೆ ಹೇಳಬೇಕು, ಯಾಕೆ ಅಂದರೆ ಅದು ಚುನಾವಣೆಯ ಬುಡಕ್ಕೇ ಬಂದ ವಿಷಯ.

2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಒಬ್ಬ ಬೂತ್ ಮಟ್ಟದ ಅಧಿಕಾರಿ ತಮ್ಮ ಸಂಬಂಧಿಕರದ್ದೇ ಹೆಸರು ಆ ಪಟ್ಟಿಯಲ್ಲಿ ಇರುವುದು ಕಂಡು ವಿಚಾರಿಸಿದಾಗ ವಿಷಯ ಬಯಲಾಯಿತು. ಪರಿಶೀಲನೆ ಮಾಡಿದರೆ ನಿಜವಾದ ಅರ್ಜಿ 24 ಮಾತ್ರ. ಉಳಿದ 5,994 ಸುಳ್ಳು. ಹೆಸರು ತೆಗೆಯಲಿಲ್ಲ, ಪೊಲೀಸ್ ಕೇಸ್ ಆಯಿತು. ಆಳಂದದಲ್ಲಿ ಆ ಸಲ ಗೆಲುವಿನ ಅಂತರ ಹತ್ತು ಸಾವಿರದಷ್ಟು ಅನ್ನುವುದು ನೆನಪಿರಲಿ. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ದಿಲ್ಲಿಯಲ್ಲಿ ಇದನ್ನು ಎತ್ತಿದರು. ಆ ಪ್ರಯತ್ನ ಫಲಿಸಲಿಲ್ಲ, ಕೇಸ್ ಹಾಕಿಸಿದ್ದೂ ನಮ್ಮ ಅಧಿಕಾರಿಗಳೇ ಅಂತ ಚುನಾವಣಾ ಆಯೋಗ ಹೇಳಿತು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ಮಾಡಿತು.

ಇಷ್ಟು ಹೊತ್ತಿಗೆ ಗಂಜಿನಲ್ಲಿ ಎರಡು ಪಂಗಡ ಆಗಿತ್ತು. ಒಬ್ಬರಿಗೆ ಇಡೀ ದೇಶದ ಚುನಾವಣೆಯೇ ಮೋಸ. ಇನ್ನೊಬ್ಬರಿಗೆ ಇಡೀ ಆಳಂದದ ಕಥೆಯೇ ನಾಟಕ. ಅಲ್ರೀ, ಸುಳ್ಳು ಅರ್ಜಿ ಬಂದದ್ದು ಆಯೋಗವೂ ಒಪ್ಪಿದ ಮಾತು. ಅದು ಸಿಕ್ಕಿಬಿದ್ದದ್ದೂ ಅದೇ ವ್ಯವಸ್ಥೆಯ ಒಬ್ಬ ಸಣ್ಣ ನೌಕರರ ಕಣ್ಣಿಗೆ. ಎರಡೂ ಒಟ್ಟಿಗೆ ನಿಜ ಇರಬಹುದು ಅನ್ನುವುದೇ ನಮ್ಮ ಜನರಿಗೆ ಹೊಳೆಯದಂತೆ ಮಾಡಿಬಿಟ್ಟಿದ್ದೀರಿ. ಇವಿಎಂ ಬಗ್ಗೆಯೂ ಅಷ್ಟೇ. ಗೆದ್ದ ವರ್ಷ ಮಷಿನ್ ಸರಿ, ಸೋತ ವರ್ಷ ಮಷಿನ್ ಕೆಟ್ಟದ್ದು. ಪಟ್ಟಿಯ ಮೇಲೆ, ಮಷಿನ್ ಮೇಲೆ ಅರ್ಧ ಜನಕ್ಕೆ ಯಾವಾಗಲೂ ನಂಬಿಕೆ ಇಲ್ಲದಿದ್ದರೆ ಗೆದ್ದವರನ್ನು ನಮ್ಮ ಸಂಸದ ಅಂತ ಒಪ್ಪುವುದಾದರೂ ಹೇಗೆ? ಎದುರಿನವರ ಸಂಸದ ಅಂತಲೇ ಐದು ವರ್ಷ ಕಳೆಯುತ್ತಾರೆ. ಕೆಲಸಕ್ಕೆ ಅರ್ಜಿ ಕೊಡಲೂ ಹೋಗುವುದಿಲ್ಲ.

ಅದೇ 2025ರ ಸೆಪ್ಟೆಂಬರ್ ಕೊನೆಗೆ ಭೀಮಾ ನದಿ ಉಕ್ಕಿತು. ಮಳೆಗೆ ಮೊದಲೇ ಹೆಸರು, ಉದ್ದು ಹೋಗಿದ್ದವು, ತೊಗರಿಯ ಹೊಲದಲ್ಲಿ ನೀರು ನಿಂತಿತು. ಅಕ್ಟೋಬರ್‌ನಲ್ಲಿ ಟಿವಿಯವರು ನಮ್ಮ ಜಿಲ್ಲೆಗೆ ಬಂದರು. ಬೆಳೆಗಲ್ಲ, ಚಿತ್ತಾಪುರದ ಆರ್‌ಎಸ್‌ಎಸ್ ಪಥಸಂಚಲನದ ಜಗಳಕ್ಕೆ. ಹೈಕೋರ್ಟಿನ ಕಲಬುರಗಿ ಪೀಠ ಶಾಂತಿ ಸಭೆ ಮಾಡಿ ಅಂತ ಹೇಳುವ ತನಕ ಹೋಯಿತು. ಯಾರದ್ದು ಸರಿ ಅಂತ ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ಆ ವಾರಗಳಲ್ಲಿ ಬೆಳೆ ಸಮೀಕ್ಷೆಗೆ ಯಾರು ಬಂದರು, ಬೆಳೆ ವಿಮೆ ಎಷ್ಟು ಬಂತು ಅಂತ ನಿಮ್ಮ ಎರಡೂ ಕಡೆಯ ಗ್ರೂಪುಗಳಲ್ಲಿ ಹುಡುಕಿದೆ. ಸಿಗಲಿಲ್ಲ.

ಇದನ್ನೆಲ್ಲ ನೋಡಿ ಬೇಸತ್ತವರು ಸುಮ್ನೆ ದೂರ ಸರಿಯುತ್ತಾರೆ. 2024ರಲ್ಲಿ ರಾಜ್ಯದ ಮತದಾನ ಸುಮಾರು 70 ಪರ್ಸೆಂಟ್, ಕಲಬುರಗಿಯದ್ದು ಸುಮಾರು 62. ಮೇ ತಿಂಗಳ ಬಿಸಿಲು ಒಂದು ಕಾರಣ. ಗುಳೆ ಹೋದವರು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನಲ್ಲಿ ಇರುತ್ತಾರೆ, ಅದು ಇನ್ನೊಂದು. ವಿಧಾನಸಭೆಗೆ, ಪಂಚಾಯಿತಿಗೆ ಬಸ್ಸು ಮಾಡಿ ಕರೆಸಿಕೊಳ್ಳುವ ನೀವು ಲೋಕಸಭೆಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಗುಳೆ ಹೋದವನು ಪಕ್ಷದ ಜಗಳದಲ್ಲಿ ಇಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಇಲ್ಲ.

ಪಕ್ಷ ಬಿಡಿ ಅಂತ ನಾನು ಹೇಳುತ್ತಿಲ್ಲ. ಪಕ್ಷ ಬೇಕು, ಜಗಳವೂ ಬೇಕು. ಚಿಂಚೋಳಿಯ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿಗೆ ಹೋಗಿ ಇಂದಿರಾ ಗಾಂಧಿ ಎದುರೇ ನಿಂತವರು. ಸೋತರು, ಆಮೇಲೆ ಅದೇ ಇಂದಿರಾ ಪಕ್ಷಕ್ಕೆ ಹೋದರು, ಅದು ಬೇರೆ ಕಥೆ. ನಮ್ಮ ನೆಲಕ್ಕೆ ಗಟ್ಟಿ ವಿರೋಧ ಹೊಸದೇನಲ್ಲ. ನಾನು ಕೇಳುತ್ತಿರುವುದು, ಜಗಳ ನಮ್ಮ ತೊಗರಿ ಮೇಲೆ ಆಗಲಿ, ಶಾಲೆ ಮೇಲೆ ಆಗಲಿ, ರೈಲಿನ ಮೇಲೆ ಆಗಲಿ.

ಅದಕ್ಕೆ ನನ್ನ ಕೋರಿಕೆ. 2029ಕ್ಕೆ ಇನ್ನೂ ಸಮಯ ಇದೆ, ಈಗಲೇ ಕೇಳಿದರೆ ನಿಮಗೆ ನೆಪ ಸಿಗುವುದಿಲ್ಲ. ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆ ಕಲಬುರಗಿ ಮತ್ತು ಬೀದರ್ ಕ್ಷೇತ್ರದ ಮುಖ್ಯ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕಳಿಸಿಕೊಡಿ. ಯಾದಗಿರಿಯವರ ಪಾಡು ಇನ್ನೂ ವಿಚಿತ್ರ, ಗುರುಮಠಕಲ್ ಕಲಬುರಗಿಗೆ, ಉಳಿದ ಮೂರು ಕ್ಷೇತ್ರ ರಾಯಚೂರಿಗೆ. ಹಾಗಾಗಿ ರಾಯಚೂರಿನ ಅಭ್ಯರ್ಥಿಗಳೂ ಬರಲಿ. ನಮ್ಮ ಆಳಂದ, ಚಿಂಚೋಳಿಯವರು ಓಟು ಹಾಕುವುದು ಬೀದರ್‌ಗೆ ಅನ್ನುವುದು ಅಲ್ಲಿಯ ಅಭ್ಯರ್ಥಿಗಳಿಗೆ ಮರೆತು ಹೋಗದಿರಲಿ. ಆಮದು ಸುಂಕ, ಖರೀದಿ ಕೇಂದ್ರ, ರೈಲ್ವೆ ವಿಭಾಗ, 371(ಜೆ) ಖಾಲಿ ಹುದ್ದೆ, ಗುಳೆ ಹೋದವರ ಓಟು, ಇವುಗಳ ಮೇಲೆ ಪ್ರಶ್ನೆ ಕೇಳುವವರು ರೈತರು, ಹಮಾಲರು, ಕಾಲೇಜಿನ ಹುಡುಗರು. ನಿಮ್ಮ ಕಾರ್ಯಕರ್ತರು ಬರಬಹುದು, ಘೋಷಣೆ ಕೂಗುವ ಹಾಗಿಲ್ಲ.

ಅದಕ್ಕಿಂತ ಮುಂಚೆ ಒಂದು ಸಣ್ಣ ಕೆಲಸ. ಪ್ರತಿ ಬೂತಿನಲ್ಲೂ ನಿಮ್ಮಿಬ್ಬರ ಬೂತ್ ಏಜೆಂಟರು ಇರುತ್ತಾರೆ. ಮತದಾರರ ಪಟ್ಟಿಯ ಪರಿಷ್ಕರಣೆ ನಡೆಯುವಾಗ ಅವರಿಬ್ಬರೂ ಒಂದು ಸಂಜೆ ಒಟ್ಟಿಗೆ ಓಣಿ ಓಣಿ ತಿರುಗಲಿ. ಸತ್ತವರು ಯಾರು, ಗುಳೆ ಹೋದವರು ಯಾರು, ಮದುವೆಯಾಗಿ ಹೋದವರು ಯಾರು ಅಂತ ಇಬ್ಬರೂ ಸೇರಿ ಗುರುತು ಮಾಡಿ, ಇಬ್ಬರೂ ಸಹಿ ಹಾಕಿದ ಪ್ರತಿ ಬೂತ್ ಅಧಿಕಾರಿಗೆ ಕೊಡಲಿ. ಮೊದಲು ಆಳಂದದಲ್ಲಿ ಶುರು ಮಾಡಿ. ಆಮೇಲೆ ಯಾರಾದರೂ ಪಟ್ಟಿಯೇ ಮೋಸ ಅಂದರೆ, ತೋರಿಸಲು ನಿಮ್ಮಿಬ್ಬರ ಕೈಯಲ್ಲೂ ಒಂದೇ ಕಾಗದ ಇರುತ್ತದೆ.

ಸಭೆಗೆ ಎಪಿಎಂಸಿ ಪ್ರಾಂಗಣದ ಜಾಗ ಕೇಳುವುದು ನಮ್ಮ ಜವಾಬ್ದಾರಿ. ಶಾಮಿಯಾನ, ಮೈಕು, ಕುಡಿಯುವ ನೀರಿನ ಖರ್ಚು ಗಂಜಿನಲ್ಲೇ ಚಂದಾ ಪಟ್ಟಿ ಹಾಕಿ ಎತ್ತುತ್ತೇವೆ, ಯಾವ ಪಕ್ಷದಿಂದಲೂ ಒಂದು ರೂಪಾಯಿ ಬೇಡ. ಬ್ಯಾನರ್ ಮೇಲೆ ಯಾರ ಫೋಟೋವೂ ಇರುವುದಿಲ್ಲ. ಪ್ರತಿ ಉತ್ತರಕ್ಕೂ ಎಲ್ಲರಿಗೂ ಒಂದೇ ಟೈಮು, ಮುಗಿದ ಮೇಲೆ ಮೈಕು ಬಂದ್. ಬರುತ್ತೀರೋ ಇಲ್ಲವೋ ಅಂತ ಎರಡು ಸಾಲು ಬರೆದು ಸಹಿ ಹಾಕಿ ಕಳಿಸಿ. ಬಂದ ಉತ್ತರ, ಬಾರದ ಉತ್ತರ ಎರಡನ್ನೂ ಬರುವ ಸುಗ್ಗಿಯಲ್ಲಿ ಅಂಗಡಿಯ ಮುಂದಿನ ರೇಟಿನ ಬೋರ್ಡಿನ ಪಕ್ಕ ಹಾಕುತ್ತೇನೆ.

ನಿಮ್ಮ ವಿಶ್ವಾಸಿ,
ನೆಹರು ಗಂಜಿನ ಒಬ್ಬ ಗುಮಾಸ್ತ,
ಕಲಬುರಗಿ